ದೊಡ್ಡಿಯೊಳಗಿನ ಹುಡುಗರು: ನಿಂತು ಹಾಡೋ ಸ್ಟ್ಯಾಂಡ್‌ಗೆ ಮಕ್ಕಳು ಬಂದ ಕಥೆ

ಭಾಗ 1

"ನೀನು ಎಲ್ಲಿಗಾದ್ರೂ ಹೋಗು, ಗಂಟಲು ಹರಿಯೋ ಹಾಗೆ ಕಿರುಚು. ನನ್ನ ಮಗನನ್ನ ಮಾತ್ರ ಆ ಬ್ಲಾಕ್‌ಗೆ ಕರ್ಕೊಂಡು ಹೋಗಬೇಡ."

ಇದು ನಮ್ಮಕ್ಕ. ವಿಷಯ ಏನಪ್ಪಾ ಅಂದ್ರೆ, ಅವಳ ಮಗನಿಗೆ ಈಗ ಒಂಬತ್ತು ವರ್ಷ. ಕಂಠೀರವದಲ್ಲಿ ನಾನು ತೆಗೆದ ವಿಡಿಯೋಗಳನ್ನ ನೋಡಿ ನೋಡಿ ಹಾಡೆಲ್ಲ ಬಾಯಿಪಾಠ ಮಾಡ್ಕೊಂಡಿದ್ದಾನೆ. ಡ್ರಮ್ ಎಲ್ಲಿ ನಿಲ್ಲುತ್ತೆ, ಚಪ್ಪಾಳೆ ಎಲ್ಲಿ ಶುರು, ಎಲ್ಲ ಗೊತ್ತು. "ಚಿಕ್ಕಿ, ನನ್ನನ್ನೂ ಕರ್ಕೊಂಡು ಹೋಗು. ಆದ್ರೆ ಕೂತ್ಕೊಂಡು ನೋಡೋ ಕಡೆ ಬೇಡ, ನೀನು ನಿಂತ್ಕೊಳ್ಳೋ ಕಡೆನೇ" ಅಂತ ಹಟ.

ಅಕ್ಕ ಬೇಡ ಅನ್ನೋಕೆ ಕಾರಣ ಇದೆ. 2025ರ ಜೂನ್ 4. ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ, ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನವರೇ, ಇನ್ನೂ ಚಿಕ್ಕವರೂ ಇದ್ದರು. ಆ ಸಂಜೆ ನಾನು ಫೋನ್ ಸೈಲೆಂಟ್‌ಗೆ ಹಾಕಿ ರೂಮಲ್ಲಿ ಮಲಗಿದ್ದೆ. ಎದ್ದು ನೋಡಿದ್ರೆ ಅಕ್ಕನದು 23 ಮಿಸ್ಡ್ ಕಾಲ್. ನಾನು ಅಲ್ಲೇ ಇದ್ದೀನಿ ಅಂದ್ಕೊಂಡು ಅವಳು ಅಳ್ತಾ ಇದ್ದಳು. ಚಿನ್ನಸ್ವಾಮಿಗೂ ಕಂಠೀರವಕ್ಕೂ ಮಧ್ಯೆ ಇರೋದು ಬರೀ ಕಬ್ಬನ್ ಪಾರ್ಕ್.

ಹಾಗಾಗಿ ಅವಳಿಗೆ "ಏನೂ ಆಗಲ್ಲ ಬಿಡೇ" ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅದರ ಬದಲು ಓದೋಕೆ ಕೂತೆ. ನಿಂತು ಹಾಡೋ ಸ್ಟ್ಯಾಂಡ್‌ಗೆ ಮಕ್ಕಳನ್ನ ಕರ್ಕೊಂಡು ಹೋಗೋದು ಹೊಸದೇನಲ್ಲ, ನೂರು ವರ್ಷದ ಹಳೇ ಜಗಳ. ಅದನ್ನ ಈ ಸರಣಿಯಲ್ಲಿ ಬರೀತೀನಿ. ಕಾಸ್ಟಿಂಗ್ ಇಂಟರ್ನಲ್ಸ್ ಮುಗಿಯೋವರೆಗೂ ದಿನಕ್ಕೊಂದೇ ಭಾಗ, ಬೈಕೋಬೇಡಿ.

ಭಾಗ 2

ಮೊದಲು ಜಾಗ ಯಾವುದು ಅಂತ ಹೇಳಿಬಿಡ್ತೀನಿ. ಇಂಗ್ಲೆಂಡಿನಲ್ಲಿ ಇದಕ್ಕೆ ಟೆರೇಸ್ ಅಂತಿದ್ರು. ನಮ್ಮನೆ ಮೇಲೆ ಹಪ್ಪಳ ಒಣಗಿಸೋ ಟೆರೇಸ್ ಅಲ್ಲ ಮಾರಾಯ್ರೆ. ಗೋಲಿನ ಹಿಂದೆ, ಸೀಟೇ ಇಲ್ಲದ ಅಗಲವಾದ ಮೆಟ್ಟಿಲುಗಳು. ಅಲ್ಲಲ್ಲಿ ಸೊಂಟದ ಎತ್ತರಕ್ಕೆ ಕಬ್ಬಿಣದ ಅಡ್ಡಕಂಬಿ. ಟಿಕೆಟ್ ಅಗ್ಗ. ಫ್ಯಾಕ್ಟರಿ, ಬಂದರು, ಗಣಿ ಕೆಲಸದವರು ಶನಿವಾರ ಅರ್ಧ ದಿನ ದುಡಿದು ನೇರವಾಗಿ ಬಂದು ನಿಲ್ತಿದ್ದ ಜಾಗ.

ಅದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದ 'ಸ್ಪಿಯಾನ್ ಕೋಪ್'. ಕಟ್ಟಿದ್ದು 1906ರಲ್ಲಿ. ಹೆಸರು ಎಲ್ಲಿಂದ ಬಂತು ಗೊತ್ತಾ? ದಕ್ಷಿಣ ಆಫ್ರಿಕಾದ ಒಂದು ಗುಡ್ಡದಿಂದ. 1900ರ ಜನವರಿಯಲ್ಲಿ ಬೋಯರ್ ಯುದ್ಧದಲ್ಲಿ ಆ ಗುಡ್ಡ ಹಿಡಿಯೋಕೆ ಹೋಗಿ ಬ್ರಿಟಿಷ್ ಸೈನಿಕರು ನೂರಾರು ಜನ ಸತ್ತರು, ಲ್ಯಾಂಕಷೈರ್ ಕಡೆಯ ಹುಡುಗರು ಅವರಲ್ಲಿ ತುಂಬಾ ಇದ್ದರು. ಮೈದಾನದ ಎತ್ತರದ ಮಣ್ಣಿನ ದಿಬ್ಬ ನೋಡಿ ಆ ಗುಡ್ಡದ ಹೆಸರನ್ನೇ ಇಟ್ಟರು. ಆ ಯುದ್ಧದಲ್ಲಿ ಸ್ಟ್ರೆಚರ್ ಹೊತ್ತು ಗಾಯಾಳುಗಳನ್ನ ಕೆಳಗೆ ತಂದವರಲ್ಲಿ ಭಾರತೀಯರ ಒಂದು ತಂಡ ಇತ್ತು. ಅದನ್ನ ಕಟ್ಟಿದವರು ಗಾಂಧಿ. ಹೌದು, ನಮ್ಮ ನೋಟಿನ ಮೇಲಿರೋ ಗಾಂಧೀಜಿನೇ. ಇದನ್ನ ಓದಿದಾಗ ನಾನು ಎರಡು ಸಲ ಚೆಕ್ ಮಾಡಿದೆ.

ಕೋಪ್‌ಗೆ 1928ರಲ್ಲಿ ಚಾವಣಿ ಹಾಕಿದರು. ಆಮೇಲೆ ಅಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ನಿಲ್ತಿದ್ರು. ಚಾವಣಿ ಇದ್ದಿದ್ದಕ್ಕೆ ಹಾಡು ಹೊರಗೆ ಹಾರಿಹೋಗದೆ ಮೈದಾನದ ಮೇಲೇ ಬೀಳ್ತಿತ್ತು. 1964ರಲ್ಲಿ ಬಿಬಿಸಿ ಟೀವಿಯವರು ಆಟ ಬಿಟ್ಟು ಈ ಜನರನ್ನೇ ಚಿತ್ರೀಕರಿಸೋಕೆ ಬಂದಿದ್ರು. ಆ ಕಪ್ಪುಬಿಳುಪು ತುಣುಕು ಈಗಲೂ ನೋಡೋಕೆ ಸಿಗುತ್ತೆ. ಜನ ಅಲೆ ಥರ ಕೆಳಗೆ ಜಾರ್ತಾರೆ, ಮತ್ತೆ ಮೇಲೆ ಬರ್ತಾರೆ. ನೋಡೋಕೆ ಚಂದ. ಆ ಅಲೆಯೊಳಗೆ ಒಂಬತ್ತು ವರ್ಷದ ಹುಡುಗನನ್ನ ಇಟ್ಟು ಯೋಚನೆ ಮಾಡಿ, ಆಗ ಬೇರೆ ಥರ ಕಾಣುತ್ತೆ.

ಭಾಗ 3

ಹುಡುಗರು ಹೇಗೆ ಒಳಗೆ ಬರ್ತಿದ್ರು?

ಒಂದು, ದೊಡ್ಡವರ ಜೊತೆ. ಅಪ್ಪನೇ ಆಗಬೇಕು ಅಂತ ಇರಲಿಲ್ಲ. ತಿರುಗುವ ಕಂಬಿಯ ಗೇಟಿನ ಹತ್ತಿರ ನಿಂತು ಯಾರೋ ಅಪರಿಚಿತರಿಗೆ "ಅಂಕಲ್, ನನ್ನನ್ನೂ ಎತ್ತಿ ಆ ಕಡೆ ಬಿಡಿ" ಅಂತ ಕೇಳೋದು. ಅವರು ಕಂಕುಳಿಗೆ ಕೈ ಹಾಕಿ ಕಂಬಿ ದಾಟಿಸಿಬಿಡೋರು. ಟಿಕೆಟ್ ಕೊಡೋನು ಕಂಡೂ ಕಾಣದ ಹಾಗೆ ಇರ್ತಿದ್ದ. ಎರಡು, ಮುಕ್ಕಾಲು ಆಟ ಆದಮೇಲೆ. ಬೇಗ ಹೊರಡೋರಿಗೆ ಅಂತ ದೊಡ್ಡ ಗೇಟು ತೆಗೀತಿದ್ರು, ಹೊರಗೆ ಕಾದಿದ್ದ ಹುಡುಗರು ಆಗ ಪುಕ್ಕಟೆ ನುಗ್ಗೋರು. ಕೊನೇ ಇಪ್ಪತ್ತು ನಿಮಿಷ ಆಟ ಫ್ರೀ.

ಒಳಗೆ ಬಂದಮೇಲೆ ಏನೂ ಕಾಣಲ್ಲವಲ್ಲ. ಕೆಲವರು ಮನೆಯಿಂದ ಸಣ್ಣ ಸ್ಟೂಲು, ಹಾಲಿನ ಬಾಟಲಿಯ ಕ್ರೇಟು ತರ್ತಿದ್ರು. ಇಲ್ಲದವರನ್ನ ಜನ ತಲೆಗಳ ಮೇಲೆ ಕೈಯಿಂದ ಕೈಗೆ ದಾಟಿಸಿ ಮುಂದಿನ ಗೋಡೆಯ ಹತ್ತಿರ ಇಳಿಸೋರು. ನಮ್ಮ ಕಡೆ ಜಾತ್ರೆಯಲ್ಲಿ ತೇರು ನೋಡೋಕೆ ಮಗುವನ್ನ ಯಾರದೋ ಹೆಗಲ ಮೇಲೆ ಕೂರಿಸ್ತಾರಲ್ಲ, ಆ ಥರದ ನಂಬಿಕೆ. ಆಟ ಮುಗಿದ ಮೇಲೆ ಅಪ್ಪ ಕೆಳಗೆ ಬಂದು ಹುಡುಕಿ ಕರ್ಕೊಂಡು ಹೋಗೋದು.

ಮೂರನೇದೇ ಈ ಸರಣಿಯ ಹೆಸರಿನಲ್ಲಿರೋದು. ಬಾಯ್ಸ್ ಪೆನ್. ಈ ಪೆನ್ ಅಂದ್ರೆ ಬರೆಯೋ ಪೆನ್ ಅಲ್ಲ, ದೊಡ್ಡಿ. ಕುರಿ ದೊಡ್ಡಿ ಅಂತೀವಲ್ಲ ಅದೇ. ಕೋಪ್‌ನ ಮೇಲಿನ ಒಂದು ಮೂಲೆಯಲ್ಲಿ ಕಂಬಿ ಬೇಲಿ ಹಾಕಿ, ಕಡಿಮೆ ದುಡ್ಡಿಗೆ ಹುಡುಗರನ್ನ ಅದರೊಳಗೆ ಬಿಡೋರು. ಊರಿನ ಇನ್ನೊಂದು ಕ್ಲಬ್ ಎವರ್ಟನ್‌ನ ಗುಡಿಸನ್ ಪಾರ್ಕಿನಲ್ಲೂ ಇಂಥದ್ದೇ ಒಂದು ಇತ್ತು.

ಉದ್ದೇಶ ಒಳ್ಳೇದೇ ಇದ್ದಿರಬಹುದು. ದೊಡ್ಡವರ ನೂಕಾಟಕ್ಕೆ ಮಕ್ಕಳು ಸಿಗಬಾರದು, ಅಷ್ಟೇ. ಆದ್ರೆ ಅದರೊಳಗಿದ್ದು ಬೆಳೆದವರು ಹೇಳೋದೆಲ್ಲ ಒಂದೇ ಥರ ಇದೆ: ಇಡೀ ಮೈದಾನದಲ್ಲಿ ಅಷ್ಟು ಒರಟು ಜಾಗ ಇನ್ನೊಂದಿರಲಿಲ್ಲ. ಒಳಗೆ ದೊಡ್ಡವರು ಯಾರೂ ಇಲ್ಲ. ಹದಿನಾಲ್ಕರ ಹುಡುಗರು ಎಂಟರ ಹುಡುಗರ ಜೇಬು ತಡಕೋರು, ಹೊಡೆಯೋರು. ಕೋಪ್ ಹಾಡಿದಾಗ ಇವರೂ ಹಾಡೋರು, ಇನ್ನೂ ಒಡೆಯದ ಕೀಚಲು ದನಿಯಲ್ಲಿ. ಅದನ್ನ ಕೇಳಿ ದೊಡ್ಡವರು ನಗೋರು. ಎಲ್ಲ ಹುಡುಗರ ಆಸೆ ಒಂದೇ, ಬೇಲಿ ಹಾರಿ ಅಥವಾ ಚಾವಣಿಯ ಕಬ್ಬಿಣದ ತೊಲೆ ಹತ್ತಿ ಕೋಪ್ ಒಳಗೆ ಇಳಿಯೋದು. ಇಳಿದವನು ಅವತ್ತಿನಿಂದ ದೊಡ್ಡವನು.

ಅಂದಹಾಗೆ ಹೆಸರು ನೋಡಿ, ಬಾಯ್ಸ್ ಪೆನ್. ಹುಡುಗಿಯರು ಬರಬಹುದು ಅನ್ನೋ ಯೋಚನೆಯೇ ಆ ಬೇಲಿ ಹಾಕಿದವರಿಗೆ ಬಂದಿರಲಿಲ್ಲ. ನಾನು ಆ ಕಾಲದಲ್ಲಿ ಅಲ್ಲಿ ಹುಟ್ಟಿದ್ರೆ ಎಲ್ಲಿ ನಿಲ್ತಿದ್ದೆನೋ.

ಭಾಗ 4

ಈ ಭಾಗ ಬರೆಯೋಕೆ ಕಷ್ಟ ಆಯ್ತು. ನೂಕುನುಗ್ಗಲ ವಿಷಯ ಓದೋಕೆ ಆಗದವರು ಮುಂದಿನ ಭಾಗಕ್ಕೆ ಹೋಗಿ.

1946, ಮಾರ್ಚ್ 9. ಬೋಲ್ಟನ್ ಊರಿನ ಬರ್ನ್ಡೆನ್ ಪಾರ್ಕ್. ಯುದ್ಧ ಮುಗಿದು ವರ್ಷವೂ ಆಗಿಲ್ಲ, ಜನ ಆಟಕ್ಕೆ ಹಸಿದಿದ್ದಾರೆ. ಎದುರಾಳಿ ಸ್ಟೋಕ್ ಸಿಟಿ ತಂಡದಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಇದ್ದಾನೆ, ಅವನ ಆಟ ನೋಡೋಕೇ ಅರ್ಧ ಊರು ಬಂದಿದೆ. 85,000 ಜನ ಇದ್ದಿರಬಹುದು ಅಂತ ಆಮೇಲೆ ಅಂದಾಜು ಮಾಡಿದರು. ಮಧ್ಯಾಹ್ನ 2.40ಕ್ಕೆ ಗೇಟುಗಳನ್ನ ಮುಚ್ಚಿದರು. ಹೊರಗೆ ಇನ್ನೂ ಸಾವಿರಾರು ಜನ.

ಒಳಗೆ ಒಬ್ಬ ಅಪ್ಪ, ಜೊತೆಗೆ ಪುಟ್ಟ ಮಗ. ಒತ್ತಡ ಜಾಸ್ತಿ ಆಗ್ತಿದೆ ಅಂತ ಅವನಿಗೆ ಗೊತ್ತಾಯ್ತು. ಮಗನನ್ನ ಹೊರಗೆ ಕರ್ಕೊಂಡು ಹೋಗೋಣ ಅಂದ್ರೆ ಗೇಟಿಗೆ ಬೀಗ. ಅವನು ಹೇಗೋ ಆ ಬೀಗ ತೆಗೆದ. ಮಗನ ಜೊತೆ ಹೊರಬಿದ್ದ. ತೆರೆದ ಆ ಗೇಟಿನಿಂದ ಹೊರಗಿನ ಜನ ಒಳಗೆ ಹರಿದು ಬಂತು. ರೈಲ್ವೆ ಹಳಿಯ ಕಡೆಯ ಬೇಲಿ ದಾಟಿ ಬಂದವರು ಬೇರೆ. ಮುಂದೆ ಇದ್ದ ಎರಡು ಅಡ್ಡಕಂಬಿಗಳು ಮುರಿದವು. 33 ಜನ ಸತ್ತರು.

ಆಟ ನಿಂತಿತಾ? ಸ್ವಲ್ಪ ಹೊತ್ತು ನಿಲ್ಲಿಸಿ, ಹೆಣಗಳನ್ನ ಮೈದಾನದ ಅಂಚಿಗೆ ಮಲಗಿಸಿ, ಬಟ್ಟೆ ಹೊದಿಸಿ, ಮತ್ತೆ ಆಡಿಸಿದರು. 0-0.

ಆ ಅಪ್ಪನ ತಪ್ಪು ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಯಾವ ಅಪ್ಪ ಆದ್ರೂ ಅದನ್ನೇ ಮಾಡ್ತಿದ್ದ. ಪ್ರಶ್ನೆ ಇರೋದು ಬೇರೆ ಕಡೆ. ಅಷ್ಟು ಜನರನ್ನ ಒಳಗೆ ಬಿಟ್ಟಮೇಲೆ, ಒಂದು ಮಗು ಹೊರಗೆ ಹೋಗೋಕೆ ಒಂದೂ ದಾರಿ ಯಾಕೆ ಇರಲಿಲ್ಲ?

ಸರ್ಕಾರ ವಿಚಾರಣೆ ಮಾಡಿಸಿತು. ಎಷ್ಟು ಜನ ಅಂತ ಲೆಕ್ಕ ಇಡಿ, ಮೈದಾನಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಅಂತ ವರದಿ ಬಂತು. ಕಾನೂನು ಯಾವಾಗ ಬಂತು ಹೇಳಿ ನೋಡೋಣ. 1975ರಲ್ಲಿ! ಅದೂ 1971ರಲ್ಲಿ ಗ್ಲ್ಯಾಸ್ಗೋದ ಐಬ್ರಾಕ್ಸ್ ಮೈದಾನದ ಮೆಟ್ಟಿಲಲ್ಲಿ 66 ಜನ ಸತ್ತ ಮೇಲೆ. ಅವರಲ್ಲಿ ಮಾರ್ಕಿಂಚ್ ಅನ್ನೋ ಒಂದೇ ಚಿಕ್ಕ ಊರಿನ ಐದು ಜನ ಹುಡುಗರಿದ್ದರು, ಐವರೂ ಗೆಳೆಯರು.

ಭಾಗ 5

ಈ ಭಾಗ ಚಿಕ್ಕದು.

1960ರ ದಶಕದ ಕೊನೆಗೆ ಟೆರೇಸ್ ಬದಲಾಯ್ತು. ಅಪ್ಪಂದಿರು, ಅಣ್ಣಂದಿರು, ಪಕ್ಕದ ಮನೆಯವರು ಎಲ್ಲ ಬೆರೆತು ನಿಲ್ತಿದ್ದ ಜಾಗ ಹದಿಹರೆಯದ ಗುಂಪುಗಳ ಕೈಗೆ ಬಂತು. ಹೊಡೆದಾಟ ಶುರು. 1974ರಲ್ಲಿ ಬ್ಲ್ಯಾಕ್‌ಪೂಲ್ ಮೈದಾನದಲ್ಲಿ 17 ವರ್ಷದ ಹುಡುಗನೊಬ್ಬ ಚಾಕು ಇರಿತಕ್ಕೆ ಸತ್ತ. ಮನೆಯವರು ಮಕ್ಕಳನ್ನ ಕಳಿಸೋದು ಕಮ್ಮಿ ಮಾಡಿದರು. ಬಾಯ್ಸ್ ಪೆನ್ ಕೂಡ ಆ ದಶಕ ಮುಗಿಯೋ ಹೊತ್ತಿಗೆ ಹೋಯ್ತು.

ಆದ್ರೆ ದೊಡ್ಡಿ ಹೋಗಲಿಲ್ಲ. ದೊಡ್ಡದಾಯ್ತು.

ಪೊಲೀಸರು, ಕ್ಲಬ್ಬಿನವರು ಸೇರಿ ಟೆರೇಸಿನ ಮುಂದೆ ಎತ್ತರದ ಉಕ್ಕಿನ ಬೇಲಿ ಹಾಕಿದರು, ಯಾರೂ ಮೈದಾನಕ್ಕೆ ಇಳಿಯಬಾರದು ಅಂತ. ಪಕ್ಕಗಳಿಗೂ ಬೇಲಿ ಹಾಕಿ ಟೆರೇಸನ್ನ ಭಾಗ ಮಾಡಿದರು. ಆ ಭಾಗಗಳಿಗೆ ಏನಂತ ಹೆಸರು ಗೊತ್ತಾ? ಪೆನ್. ಪೆನ್ 1, ಪೆನ್ 2, ಪೆನ್ 3. ಹುಡುಗರಿಗೆ ಅಂತ ಮೂಲೆಯಲ್ಲಿ ಕಟ್ಟಿದ್ದನ್ನ ಈಗ ಎಲ್ಲರಿಗೂ ಕಟ್ಟಿದರು. ಈ ಪದ ಎದುರಿಗೆ ಬಂದಾಗ ನನಗೆ ಮೈ ಜುಮ್ ಅಂತು. ಒಳಗಿರೋರು ಮನುಷ್ಯರು ಅನ್ನೋದು ಮರೆತಾಗ ಮಾತ್ರ ಬಾಯಿಗೆ ಬರೋ ಪದ ಅದು.

ಭಾಗ 6

1989, ಏಪ್ರಿಲ್ 15. ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಮೈದಾನ. ಎಫ್‌ಎ ಕಪ್ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್.

ಲಿವರ್‌ಪೂಲಿನವರಿಗೆ ಕೊಟ್ಟಿದ್ದು ಲೆಪ್ಪಿಂಗ್ಸ್ ಲೇನ್ ಕಡೆಯ ಟೆರೇಸ್. ಬರೋಕೆ ಗೇಟುಗಳು ಕಮ್ಮಿ, ಹೊರಗೆ ಜನ ಒತ್ತಿಕೊಂಡು ನಿಂತಿದ್ದಾರೆ. ಹೊರಗಿನ ಒತ್ತಡ ಇಳಿಸೋಕೆ ಅಂತ ಪೊಲೀಸರು 2.52ಕ್ಕೆ ನಿರ್ಗಮನದ ಒಂದು ಗೇಟು ತೆಗೆಸಿದರು. ಎರಡು ಸಾವಿರಕ್ಕೂ ಹೆಚ್ಚು ಜನ ಒಳಗೆ ಬಂದರು. ಎದುರಿಗೆ ಒಂದು ಸುರಂಗದಂಥ ದಾರಿ. ಅದು ನೇರ ಹೋಗೋದು ಮಧ್ಯದ ಪೆನ್ 3 ಮತ್ತು 4ಕ್ಕೆ. ಅವೆರಡೂ ಆಗಲೇ ತುಂಬಿ ಉಸಿರುಗಟ್ಟುತ್ತಿದ್ದವು. ಪಕ್ಕದ ಪೆನ್‌ಗಳಲ್ಲಿ ಜಾಗ ಇತ್ತು. ಆ ಕಡೆ ಹೋಗಿ ಅಂತ ಹೇಳೋಕೆ ಸುರಂಗದ ಬಾಯಲ್ಲಿ ಯಾರೂ ನಿಂತಿರಲಿಲ್ಲ.

ಎಷ್ಟು ಸಣ್ಣ ವಿಷಯ ನೋಡಿ. ಒಬ್ಬ ಮನುಷ್ಯ, ಒಂದು ಕೈ ಸನ್ನೆ.

ಮುಂದೆ ಉಕ್ಕಿನ ಬೇಲಿ. ಆ ಬೇಲಿಗೆ ಒತ್ತಿಕೊಂಡು ನಿಂತಿದ್ದವರು ಯಾರು ಅಂತ ಊಹಿಸಿ. ಬೇಗ ಬಂದವರು, ಕುಳ್ಳಗಿದ್ದವರು, ಮುಂದೆ ನಿಂತರೆ ಆಟ ಚೆನ್ನಾಗಿ ಕಾಣುತ್ತೆ ಅಂತ ಹೋದವರು. ಅಂದ್ರೆ ಚಿಕ್ಕವರು. ಆಟ 3.06ಕ್ಕೆ ನಿಂತಿತು. ಮೇಲಿನ ಸ್ಟ್ಯಾಂಡಿನವರು ಬಗ್ಗಿ ಕೈ ಕೊಟ್ಟು ಕೆಳಗಿದ್ದವರನ್ನ ಒಬ್ಬೊಬ್ಬರಾಗಿ ಎಳೆದುಕೊಂಡರು. ಜಾಹೀರಾತಿನ ಹಲಗೆ ಕಿತ್ತು ಸ್ಟ್ರೆಚರ್ ಮಾಡಿದ್ದು ಅಭಿಮಾನಿಗಳೇ.

ಸತ್ತವರು 97. ಕೊನೆಯವರು 2021ರಲ್ಲಿ, ಆವತ್ತಿನ ಗಾಯದಿಂದಲೇ. ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಜನ ಇಪ್ಪತ್ತು ದಾಟದವರು. ಎಲ್ಲರಿಗಿಂತ ಚಿಕ್ಕವನಿಗೆ ಹತ್ತು ವರ್ಷ. ಆ ಹುಡುಗ ಸ್ಟೀವನ್ ಜೆರಾರ್ಡ್‌ಗೆ ಸಂಬಂಧದಲ್ಲಿ ಅಣ್ಣ ಆಗಬೇಕು. ಜೆರಾರ್ಡ್‌ಗೆ ಆಗ ಎಂಟು. ಮುಂದೆ ಅವನು ಅದೇ ಲಿವರ್‌ಪೂಲ್ ಕ್ಲಬ್ಬಿಗೆ ಕ್ಯಾಪ್ಟನ್ ಆದ.

ಆಮೇಲಿನದ್ದು ಇನ್ನೂ ಹೊಟ್ಟೆ ಉರಿಸುತ್ತೆ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಅಂತ ಪೊಲೀಸ್ ಅಧಿಕಾರಿಗಳು ಸುಳ್ಳು ಹೇಳಿದರು. ಪತ್ರಿಕೆಯೊಂದು ಅಂಥದ್ದೇ ಸುಳ್ಳುಗಳನ್ನ ಮುಖಪುಟದಲ್ಲಿ ಹಾಕಿತು. ಆ ಊರಿನಲ್ಲಿ ಇಂದಿಗೂ ಬಹಳ ಜನ ಅದನ್ನ ಮುಟ್ಟಲ್ಲ. ಸತ್ತವರ ಅಮ್ಮಂದಿರು, ಅಪ್ಪಂದಿರು 27 ವರ್ಷ ಕೋರ್ಟು ಕಚೇರಿ ಅಲೆದರು. 2016ರಲ್ಲಿ ಜ್ಯೂರಿ ಹೇಳಿತು: ಅಭಿಮಾನಿಗಳದ್ದು ಏನೂ ತಪ್ಪಿಲ್ಲ, ಇದು ಕಾನೂನುಬಾಹಿರವಾಗಿ ಆದ ಸಾವು.

ಈ ಭಾಗವನ್ನ ಅಕ್ಕನಿಗೆ ಮೊದಲೇ ಕಳಿಸಿದ್ದೆ. ಅವಳು ರಿಪ್ಲೈ ಮಾಡಿದ್ದು ರಾತ್ರಿ ಒಂದು ಗಂಟೆಗೆ. "ಇದನ್ನ ಓದಿದ ಮೇಲೂ ಕರ್ಕೊಂಡು ಹೋಗಬೇಕು ಅಂತಿದೀಯಾ?"

ಭಾಗ 7

ಅಕ್ಕನ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಕ್ಕೆ ಓದಿದೆ.

ಹಿಲ್ಸ್‌ಬರೋ ವಿಚಾರಣೆ ಮಾಡಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಕೊನೆಯ ವರದಿ ಕೊಟ್ಟರು. ನಿಲ್ಲೋದು ಬೇಡ, ಎಲ್ಲರಿಗೂ ಸೀಟು. ಉಕ್ಕಿನ ಬೇಲಿಗಳು ಹೋದವು. ದೇವರ ದಯೆ. ಮೇಲಿನ ಎರಡು ಡಿವಿಷನ್ನಿನ ಕ್ಲಬ್‌ಗಳಿಗೆ 1994ರ ಆಗಸ್ಟ್‌ವರೆಗೆ ಗಡುವು. 1994ರ ಏಪ್ರಿಲ್ 30ರಂದು ಕೋಪ್ ಕೊನೇ ಸಲ ನಿಂತು ಹಾಡಿತು, ನಾರ್ವಿಚ್ ವಿರುದ್ಧ. ಮ್ಯಾಚ್ 0-1 ಸೋತರು. ಆಮೇಲೆ ಕೆಡವಿ ಕಟ್ಟಿದ ಕೋಪ್‌ನಲ್ಲಿ ಸುಮಾರು 12,000 ಸೀಟು.

ಈಗ ನನ್ನ ಬಿಕಾಂ ತಲೆ ಸ್ವಲ್ಪ ಓಡಲಿ. ಇಪ್ಪತ್ತೈದು ಸಾವಿರ ಜನ ನಿಲ್ತಿದ್ದ ಕಡೆ ಹನ್ನೆರಡು ಸಾವಿರ ಸೀಟು. ಬೇಡಿಕೆ ಅಷ್ಟೇ ಇದೆ, ಪೂರೈಕೆ ಅರ್ಧ. ಬೆಲೆ ಏನಾಗುತ್ತೆ? ಫಸ್ಟ್ ಸೆಮ್ ಎಕನಾಮಿಕ್ಸ್. ಟೇಲರ್‌ಗೂ ಇದು ಗೊತ್ತಿತ್ತು. ಸೀಟು ಹಾಕಿದ ನೆಪದಲ್ಲಿ ಬೆಲೆ ಏರಿಸಬೇಕಾಗಿಲ್ಲ ಅಂತ ಹೇಳಿ, ಐಬ್ರಾಕ್ಸ್‌ನಲ್ಲಿ ಸೀಟಿಗೆ 6 ಪೌಂಡ್, ನಿಲ್ಲೋಕೆ 4 ಪೌಂಡ್ ಇದೆ ನೋಡಿ ಅಂತ ಉದಾಹರಣೆನೂ ಕೊಟ್ಟಿದ್ರು. ವರದಿಯಲ್ಲಿ ಸೀಟಿನ ಭಾಗವನ್ನ ಎಲ್ಲರೂ ಓದಿದರು, ಬೆಲೆಯ ಭಾಗವನ್ನ ಯಾರೂ ಓದಲಿಲ್ಲ ಅಂತ ಕಾಣುತ್ತೆ. 2016ರಲ್ಲಿ ಲಿವರ್‌ಪೂಲ್ ಕ್ಲಬ್ಬೇ ಒಂದು ಟಿಕೆಟ್ಟಿಗೆ 77 ಪೌಂಡ್ ಇಡ್ತೀವಿ ಅಂದಾಗ, ಸಂಡರ್‌ಲ್ಯಾಂಡ್ ವಿರುದ್ಧದ ಮ್ಯಾಚಿನ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟುಬಿಟ್ಟರು. 2-0 ಮುಂದಿದ್ದ ತಂಡ 2-2 ಮಾಡ್ಕೊಂಡಿತು. ಕ್ಲಬ್ಬು ಬೆಲೆ ವಾಪಸ್ ತಗೊಂಡಿತು.

ಸೀಟು ಬಂದಿದ್ದರಿಂದ ಮಕ್ಕಳು ಉಳಿದರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆಲೆ ಏರಿದಾಗ ಮೊದಲು ಹೊರಗೆ ಬಿದ್ದವರೂ ಅವರೇ. ಜೇಬಲ್ಲಿ ಚಿಲ್ಲರೆ ಇಟ್ಟುಕೊಂಡು ಗೆಳೆಯರ ಜೊತೆ ಬರ್ತಿದ್ದ ಹದಿಮೂರು, ಹದಿನಾಲ್ಕರ ಹುಡುಗರು.

ಕ್ಲಬ್‌ಗಳು ಮಕ್ಕಳಿಗೆ ಅಂತ ಇನ್ನೊಂದು ದಾರಿ ಹುಡುಕಿದ್ವು. ಅದರಲ್ಲಿ ಮುಂದಿದ್ದದ್ದು ಲಂಡನ್ ಹತ್ತಿರದ ವ್ಯಾಟ್‌ಫರ್ಡ್. 1980ರ ದಶಕದ ಮೊದಲಲ್ಲಿ, ಹಾಡುಗಾರ ಎಲ್ಟನ್ ಜಾನ್ ಚೇರ್ಮನ್, ಗ್ರಹಾಂ ಟೇಲರ್ ಮ್ಯಾನೇಜರ್ ಆಗಿದ್ದಾಗಲೇ (ಈ ಟೇಲರ್ ಬೇರೆ, ಆ ನ್ಯಾಯಮೂರ್ತಿ ಬೇರೆ) ಫ್ಯಾಮಿಲಿಗಳಿಗೆ ಅಂತ ಪ್ರತ್ಯೇಕ ಜಾಗ ಮಾಡಿದ್ರು. ದೊಡ್ಡವರ ಜೊತೆ ಮಗು ಬರಬೇಕು, ಮಗುವಿನ ಜೊತೆ ದೊಡ್ಡವರು ಇರಬೇಕು. ಬಾಯ್ಸ್ ಪೆನ್‌ನಲ್ಲಿ ಇಲ್ಲದೇ ಹೋದದ್ದು ಇದೇ ಒಂದು ನಿಯಮ.

ಒಳ್ಳೇದೇ. ಆದ್ರೆ ನಮ್ಮ ಹುಡುಗ ಕೇಳಿದ್ದು ಅದಲ್ಲವಲ್ಲ. ಅವನಿಗೆ ಬೇಕಾಗಿರೋದು ಡ್ರಮ್ಮಿನ ಪಕ್ಕ.

ಭಾಗ 8

ಹಾಗಾದ್ರೆ ಇಡೀ ಹಾಡೋ ಸ್ಟ್ಯಾಂಡನ್ನೇ ಮಕ್ಕಳ ಕೈಗೆ ಕೊಟ್ಟರೆ? ತಮಾಷೆ ಅಲ್ಲ, ನಿಜವಾಗ್ಲೂ ಮಾಡಿದ್ದಾರೆ. ಎರಡು ಊರಿನಲ್ಲಿ, ಎರಡೂ ಸಲ ದೊಡ್ಡವರು ಶಿಕ್ಷೆ ತಿಂದಿದ್ದರಿಂದ.

ಒಂದು ಇಸ್ತಾಂಬುಲ್. ಒಂದು ಫ್ರೆಂಡ್ಲಿ ಮ್ಯಾಚಿನಲ್ಲಿ ಫೆನೆರ್‌ಬಾಚೆ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರು. ಶಿಕ್ಷೆ ಅಂದ್ರೆ ಖಾಲಿ ಸ್ಟೇಡಿಯಂನಲ್ಲಿ ಆಡಬೇಕು. ಖಾಲಿ ಬೇಡ, ಗಂಡಸರನ್ನ ಮಾತ್ರ ಹೊರಗಿಡೋಣ ಅಂತ ಅಲ್ಲಿನ ಫೆಡರೇಷನ್ ತೀರ್ಮಾನ ಮಾಡಿತು. 2011ರ ಸೆಪ್ಟೆಂಬರ್ 20, ಮನೀಸಾಸ್ಪೋರ್ ವಿರುದ್ಧ. ಹೆಂಗಸರು ಮತ್ತು 12 ವರ್ಷದೊಳಗಿನ ಮಕ್ಕಳಿಗೆ ಉಚಿತ ಪ್ರವೇಶ. 41,000ಕ್ಕೂ ಹೆಚ್ಚು ಜನ ಬಂದರು. ಎದುರಾಳಿ ತಂಡಕ್ಕೂ ಚಪ್ಪಾಳೆ ಹೊಡೆದರು. ಆಟಗಾರರು ಸ್ಟ್ಯಾಂಡಿಗೆ ಹೂವು ಎಸೆದರು. ಅದೇ ಹಾಡು, ಅದೇ ಬಾವುಟ, ದನಿ ಮಾತ್ರ ಬೇರೆ. ಮ್ಯಾಚ್ 1-1.

ಇನ್ನೊಂದು ಇಟಲಿಯ ಟ್ಯೂರಿನ್. 2013ರ ನವೆಂಬರಿನಲ್ಲಿ ಯುವೆಂಟಸ್ ಅಭಿಮಾನಿಗಳು ನಾಪೋಲಿ ಊರಿನವರನ್ನ ಹೀನಾಯವಾಗಿ ಬೈದು ಹಾಡಿದ್ದಕ್ಕೆ ಗೋಲಿನ ಹಿಂದಿನ ಸ್ಟ್ಯಾಂಡ್‌ಗಳನ್ನ ಮುಚ್ಚಿಸಿದ್ದರು. ಅಲ್ಲಿ ಅದಕ್ಕೆ ಕುರ್ವಾ ಅಂತಾರೆ. ಕ್ಲಬ್ಬು ಅಲ್ಲಿಗೆ ಶಾಲೆಗಳಿಂದ, ಫುಟ್ಬಾಲ್ ಕೋಚಿಂಗ್ ಸೆಂಟರ್‌ಗಳಿಂದ ಹನ್ನೆರಡು ಸಾವಿರ ಮಕ್ಕಳನ್ನ ಕರೆಸಿತು. ಡಿಸೆಂಬರ್ 1, ಉದಿನೀಸ್ ವಿರುದ್ಧದ ಮ್ಯಾಚ್. ಪತ್ರಿಕೆಗಳೆಲ್ಲ ಆಹಾ ಓಹೋ. ಮುಗ್ಧ ಮಕ್ಕಳು, ಶುದ್ಧವಾದ ಆಟ, ಇತ್ಯಾದಿ.

ಆಟ ಶುರು ಆಯ್ತು. ಎದುರಾಳಿ ಗೋಲ್‌ಕೀಪರ್ ಗೋಲ್‌ಕಿಕ್ ಹೊಡೆಯೋಕೆ ಬಂದ. ಹನ್ನೆರಡು ಸಾವಿರ ಮಕ್ಕಳು "ಓಓಓ" ಅಂತ ರಾಗ ಎಳೆದು, ಅವನು ಚೆಂಡು ಒದ್ದ ಕ್ಷಣಕ್ಕೆ ಸರಿಯಾಗಿ ಒಟ್ಟಿಗೆ ಒಂದು ಹೊಲಸು ಪದ ಕೂಗಿದರು. ಆ ಸ್ಟ್ಯಾಂಡಿನಲ್ಲಿ ದೊಡ್ಡವರು ಪ್ರತಿ ವಾರ ಕೂಗ್ತಿದ್ದದ್ದು ಅದೇ ಪದ, ಅದೇ ರಾಗ. ಮತ್ತೆ ಗೋಲ್‌ಕಿಕ್, ಮತ್ತೆ ಅದೇ. ಕ್ಲಬ್ಬಿಗೆ 5,000 ಯೂರೋ ದಂಡ ಬಿತ್ತು. ಮಕ್ಕಳ ಬಾಯಿಗೆ!

ಇದನ್ನ ಓದಿ ಹಾಸಿಗೆ ಮೇಲೆ ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಇನ್ನೊಂದು ಯೋಚನೆ ಬಂತು. ಆ ಮಕ್ಕಳು ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಟೀವಿಯಲ್ಲಿ ಕೇಳಿದ್ದು, ಅಪ್ಪನ ಪಕ್ಕ ಕೇಳಿದ್ದು, ಅಷ್ಟೇ. ದೊಡ್ಡವರು ಅಲ್ಲಿ ಇರಲಿಲ್ಲ, ಅವರ ಹಾಡು ಇತ್ತು. ನಮ್ಮ ಹುಡುಗ ನನ್ನ ಫೋನಿನ ವಿಡಿಯೋಗಳಿಂದ ಬಾಯಿಪಾಠ ಮಾಡಿರೋದರಲ್ಲಿ ಏನೇನು ಇದೆ ಅಂತ ಆ ರಾತ್ರಿ ಎದ್ದು ಕೂತು ಎಲ್ಲವನ್ನೂ ಮತ್ತೆ ನೋಡಿದೆ. ಎರಡನ್ನ ಡಿಲೀಟ್ ಮಾಡಿದೆ. ಅವುಗಳಲ್ಲಿ ಕೇಳ್ತಿದ್ದದ್ದು ನನ್ನದೇ ದನಿ.

ಭಾಗ 9

ಈಗ ನಮ್ಮೂರು.

ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, ಆಗ ಆಡ್ತಿದ್ದದ್ದು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಹೆಸರು ಆ ದಿನಗಳದ್ದು. ಆಮೇಲೆ ಕಂಠೀರವಕ್ಕೆ ಬಂದಾಗ ಹೆಸರೂ ಹಾಡೂ ಜೊತೆಗೆ ಬಂತು. ಅಂದ್ರೆ ನಮ್ಮ ಹಾಡೋ ಸ್ಟ್ಯಾಂಡಿಗೆ ವಯಸ್ಸು ಬರೀ ಹದಿಮೂರೋ ಏನೋ. ಕೋಪ್‌ಗೆ ನೂರು ದಾಟಿದೆ. ಇಲ್ಲಿ ಅಪ್ಪನ ಹೆಗಲ ಮೇಲೆ ಕೂತು ಬೆಳೆದ ತಲೆಮಾರು ಅಂತ ಇನ್ನೂ ಒಂದೂ ಇಲ್ಲ. ಈಗ ಬರೋ ಮಕ್ಕಳೇ ಮೊದಲಿನವರು.

ಇಂಗ್ಲೆಂಡಿನಲ್ಲೂ ನಿಲ್ಲೋದು ವಾಪಸ್ ಬಂದಿದೆ. 2022ರ ಜನವರಿಯಿಂದ ಕೆಲವು ಮೈದಾನಗಳಲ್ಲಿ ಲೈಸೆನ್ಸ್ ಕೊಟ್ಟು ಶುರು ಮಾಡಿದರು. ಪ್ರತಿ ಸಾಲಿಗೂ ಕಂಬಿ, ಒಬ್ಬರಿಗೆ ಒಂದೇ ಜಾಗ, ಅಲೆ ಥರ ಜಾರೋಕೆ ಆಗಲ್ಲ. ಅಲ್ಲೂ ಮಕ್ಕಳದ್ದು ಅದೇ ಹಳೇ ತಕರಾರು: ಮುಂದಿನವರು ನಿಂತರೆ ಏನೂ ಕಾಣಲ್ಲ.

ಅಕ್ಕನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ನೀನು ಹೆದರೋದು ಸರಿ. ಆದ್ರೆ ನಾನು ಓದಿದ ಯಾವ ಕಡೆನೂ ಹಾಡಿನಿಂದ ಯಾರೂ ಸತ್ತಿಲ್ಲ. ಸತ್ತದ್ದು ಗೇಟಿನಿಂದ, ಬೇಲಿಯಿಂದ, ಲೆಕ್ಕ ಇಡದೇ ಹೋದದ್ದರಿಂದ, ಆ ಕಡೆ ಹೋಗಿ ಅಂತ ಹೇಳೋಕೆ ಒಬ್ಬರೂ ಇಲ್ಲದೇ ಹೋದದ್ದರಿಂದ. ಅದನ್ನ ನಾವು ನೋಡಿ ತಿಳ್ಕೊಬಹುದು. ನೀನೇ ಬಾ, ನೀನೇ ನೋಡು.

ಅವಳು ಬಂದಳು. ಅವಳು ಬಂದ ರೀತಿ ನೀವು ನೋಡಬೇಕಿತ್ತು, ಆಡಿಟ್‌ಗೆ ಬಂದವರ ಥರ. ಕಿಕ್‌ಆಫ್‌ಗೆ ಒಂದೂವರೆ ಗಂಟೆ ಮೊದಲೇ ಹೋದ್ವಿ. ಸೆಕ್ಯೂರಿಟಿಯವರನ್ನ ಕೇಳಿದಳು: "ಅಣ್ಣಾ, ಆಟ ಮುಗಿದ ಮೇಲೆ ಯಾವ ಗೇಟು ತೆಗೀತೀರಾ? ಮಧ್ಯದಲ್ಲಿ ಹೋಗಬೇಕು ಅಂದ್ರೆ?" ಅವರು ಕೈ ತೋರಿಸಿದರು. ಅವಳು ಅಲ್ಲಿವರೆಗೂ ನಡೆದು ಹೋಗಿ, ಗೇಟಿಗೆ ಬೀಗ ಇದೆಯಾ ಅಂತ ನೋಡಿ, ವಾಪಸ್ ಬಂದಳು. ದಾರಿಯ ಪಕ್ಕದ ಜಾಗವನ್ನೇ ಹಿಡಿದಳು. ಹುಡುಗನ ಅಂಗೈ ಮೇಲೆ ಪೆನ್ನಿನಲ್ಲಿ ತನ್ನ ನಂಬರ್ ಬರೆದಳು. (ಈ ಸಲ ಬರೆಯೋ ಪೆನ್ನೇ.)

ಡ್ರಮ್ ಶುರು ಆದಾಗ ಅವನು ಎರಡೂ ಕಿವಿ ಮುಚ್ಕೊಂಡ. ಅಕ್ಕ ನನ್ನನ್ನ ನೋಡಿದ ನೋಟ ಇದೆಯಲ್ಲ! ಹತ್ತು ನಿಮಿಷಕ್ಕೆ ಒಂದು ಕೈ ಕೆಳಗೆ ಬಂತು. ಆಮೇಲೆ ಇನ್ನೊಂದು. ಎಲ್ಲರೂ ಎದ್ದು ನಿಂತಾಗ ಅವನಿಗೆ ಕಂಡದ್ದು ಬರೀ ನೀಲಿ ಜೆರ್ಸಿಗಳ ಬೆನ್ನು. ಎಗರಿ ಎಗರಿ ನೋಡ್ತಿದ್ದ. ಮುಂದಿನ ಸಾಲಿನಲ್ಲಿದ್ದ ಎತ್ತರದ ಅಣ್ಣ ಒಬ್ಬರು ಹಿಂದೆ ತಿರುಗಿದರು, ಏನೂ ಹೇಳಲಿಲ್ಲ, ಪಕ್ಕಕ್ಕೆ ಸರಿದು ತನ್ನ ಮುಂದೆ ಜಾಗ ಮಾಡಿದರು. ಅವರ ಮುಂದಿನವರೂ ಸರಿದರು. ಹಾಗೇ ಒಂದೊಂದೇ ಸಾಲು ದಾಟಿ ನಮ್ಮ ಹುಡುಗ ಕೆಳಗಿನ ಕಂಬಿವರೆಗೂ ಹೋಗಿಬಿಟ್ಟ.

ಅಕ್ಕ ಅವನ ಹಿಂದೆನೇ ಇಳಿದಳು. ಉಳಿದ ಆಟ ಪೂರ್ತಿ ಅವಳು ಬಾಲ್ ನೋಡಲೇ ಇಲ್ಲ. ಎಡಗೈಯಲ್ಲಿ ಅವನ ಜೆರ್ಸಿಯ ಕಾಲರ್ ಹಿಡ್ಕೊಂಡು ನಿಂತಿದ್ದಳು. ಮುಗಿಯೋ ಹೊತ್ತಿಗೆ ನಾನು ಮೇಲಿಂದ ನೋಡಿದಾಗ, ಬಲಗೈ ತಾಳ ಹಾಕ್ತಾ ಇತ್ತು, ಸ್ವಲ್ಪ ತಪ್ಪು ತಪ್ಪಾಗಿ. ಕೊನೇ ಸ್ಲೈಡ್‌ನಲ್ಲಿ ಇರೋದು ಅದೇ ಫೋಟೋ. ಮುಖ ಕಾಣಲ್ಲ, ಹಿಂದಿನಿಂದ ತೆಗೆದದ್ದು. ಹಾಕೋಕೆ ಅವಳನ್ನ ಕೇಳಿ ಒಪ್ಪಿಸಿದ್ದೀನಿ.